ಟೈಪಣ್ಣನ ಪೂರ್ಣವಿರಾಮ

ಟೈಪಣ್ಣನ ಕೈ ಮತ್ತು ಬಾಯಿ ಒಂದೇ ನೊಗಕ್ಕೆ ಕಟ್ಟಿದ ಜೋಡೆತ್ತು. ಒಂದು ನಿಂತರೆ ಇನ್ನೊಂದು ಹೆಜ್ಜೆ ಕೀಳದು. ‘ನಾಳೆ ರಜೆ’ ಎಂದು ಟೈಪ್ ಮಾಡಬೇಕಾದರೂ ಅವನು ‘ನಾಳೆ ರಜೆ ಪೂರ್ಣವಿರಾಮ’ ಎಂದು ಬಾಯಿಬಿಟ್ಟು ಹೇಳಲೇಬೇಕು. ಟೈಪಿಂಗ್ ಮೇಷ್ಟ್ರು ಹಾಗೆ ಹೇಳಿಸಿ ಹೇಳಿಸಿಯೇ ಕಲಿಸಿದ್ದರು. ಮೇಷ್ಟ್ರು ಹೋದರು, ಚಟ ಉಳಿಯಿತು.

ಬೇರೆ ಕಚೇರಿಯಾಗಿದ್ದರೆ ಇದರಿಂದ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವನು ಕೆಲಸಕ್ಕಿದ್ದದ್ದು ನಿಗಾ ಕೇಂದ್ರದಲ್ಲಿ. ಊರಲ್ಲಿ ಯಾರು ಯಾರ ಮೇಲೆ ವಿಷ ಕಾರಿ ಭಾಷಣ ಮಾಡುತ್ತಾರೋ ಅದನ್ನು ಕೇಳಿ, ಒಂದಕ್ಷರ ಬಿಡದೆ ಬರೆದು, ತಿಂಗಳಿಗೊಮ್ಮೆ ವರದಿ ಹೊರಡಿಸುವ ಸಂಸ್ಥೆ ಅದು. ಒಂದು ದಿನ ಅವನ ಪಾಲಿಗೆ ಬಂದದ್ದು ದಡರಕ್ಷಕ ದಳದ ನಾಯಕ ಗುಡುಗಪ್ಪನ ಭಾಷಣ. ನದಿಯಾಚೆಯಿಂದ ಬಂದು ನೆಲೆಸಿದವರೆಂದರೆ ಗುಡುಗಪ್ಪನಿಗೆ ಮೈಯೆಲ್ಲ ಉರಿ. ಮನೆಯೊಳಗೆ ಹೆಂಡತಿಯ ಹೊಲಿಗೆ ಯಂತ್ರದ ಸದ್ದು ಎಂದು ಟೈಪಣ್ಣ ಲ್ಯಾಪ್‌ಟಾಪ್ ಹಿಡಿದು ಮಹಡಿ ಹತ್ತಿದ, ಗೋಡೆಗೊರಗಿ ಕೂತ, ಕಿವಿಗೆ ಇಯರ್‌ಫೋನ್ ತುರುಕಿದ. ಕಿವಿ ಮುಚ್ಚಿಕೊಂಡವನಿಗೆ ಬಾಯಿಯ ಅಳತೆ ಎಲ್ಲಿ ತಿಳಿಯಬೇಕು?

ಮರುದಿನ ಬೆಳಿಗ್ಗೆ ಅವನು ಹಲ್ಲುಜ್ಜುತ್ತಿದ್ದಾಗ ಹೆಂಡತಿ ಕೂಗಿದಳು.

‘ರೀ, ಬೇಗ ಬನ್ನಿ. ನೀವು ಟಿವೀಲಿ ಬರ್ತಿದೀರಿ.’

ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಓಡಿಬಂದ. ಪರದೆಯ ತುಂಬ ಅವನೇ. ಮಹಡಿಯ ಮೋಟುಗೋಡೆ ಲ್ಯಾಪ್‌ಟಾಪನ್ನು ಮರೆಮಾಡಿತ್ತು. ಎದೆಯಿಂದ ಮೇಲಷ್ಟೇ ಕಾಣುತ್ತಿದ್ದ. ಕಣ್ಣು ಅರೆ ಮುಚ್ಚಿ, ಕತ್ತಿನ ನರ ಉಬ್ಬಿಸಿ ಅಬ್ಬರಿಸುತ್ತಿದ್ದ: ‘ನದಿಯಾಚೆಯವರು ನಮ್ಮ ನೀರು ಕುಡಿದು ನಮ್ಮ ಮೇಲೇ ಕೆಮ್ಮುತ್ತಾರೆ ಪೂರ್ಣವಿರಾಮ. ಸೇತುವೆ ಮುರಿಯಿರಿ ಪೂರ್ಣವಿರಾಮ.’

‘ಆ ತೂತು ಬನಿಯನ್ನೇ ಆಗ್ಬೇಕಿತ್ತಾ ನಿಮಗೆ?’ ಎಂದಳು ಹೆಂಡತಿ. ‘ನಾನು ಟೈಲರ್ ಅಂತ ಊರಿಗೆಲ್ಲ ಗೊತ್ತು.’

ಟಿವಿಯಲ್ಲಿ ಕೋಟು ತೊಟ್ಟ ನಿರೂಪಕ ಕುರ್ಚಿಯಿಂದ ಅರ್ಧ ಎದ್ದೇ ಮಾತಾಡುತ್ತಿದ್ದ. ವಾರದಿಂದ ಅವನಿಗೆ ನಿಗಾ ಕೇಂದ್ರದ್ದೇ ಜಪ. ಮೊದಲು ಕೇಂದ್ರಕ್ಕೆ ಹೊರಗಿನ ದುಡ್ಡು ಬರುತ್ತದೆ ಎಂದ. ಆಮೇಲೆ ಅದು ನದಿಯಾಚೆಯವರ ಬಾಲ ಎಂದ. ಈಗ ಅದೇ ಕೇಂದ್ರ ನದಿಯಾಚೆಯವರ ಶತ್ರುವಾಗಿತ್ತು. ಎಲುಬಿಲ್ಲದ ನಾಲಿಗೆ ಹೇಗೆ ಬೇಕಾದರೂ ಮಡಚೀತು.

‘ವೀಕ್ಷಕರೇ, ದ್ವೇಷದ ಭಾಷಣ ಮಾಡುವವರೂ ಇವರೇ, ಅದರ ಮೇಲೆ ವರದಿ ಬರೆಯುವವರೂ ಇವರೇ. ಈತ ಪೂರ್ಣವಿರಾಮ ಅನ್ನುತ್ತಿದ್ದಾನೆ. ಯಾರ ಬದುಕಿಗೆ ಪೂರ್ಣವಿರಾಮ?’

ಆ ಹೊತ್ತಿಗೆ ಬಾಗಿಲು ದಡದಡ ಸದ್ದು ಮಾಡಿತು. ಕೆಳಮನೆಯ ಮಾಲೀಕರು. ನಿವೃತ್ತ ಪೋಸ್ಟ್‌ಮಾಸ್ಟರ್ ಆದ್ದರಿಂದ ಬಾಗಿಲನ್ನೂ ಮುದ್ರೆ ಒತ್ತಿದ ಹಾಗೆಯೇ ಬಡಿಯುತ್ತಿದ್ದರು.

‘ಟೈಪಣ್ಣ, ನನ್ನ ಸೊಸೆ ನದಿಯಾಚೆಯವಳು ಅಂತ ಗೊತ್ತಿತ್ತೋ ಇಲ್ವೋ?’

‘ಗೊತ್ತು ಸಾರ್. ಅದು ನನ್ನ ಮಾತಲ್ಲ, ಗುಡುಗಪ್ಪಂದು.’

‘ಬಾಯಿ ಯಾರದು?’

‘ನಂದೇ ಸಾರ್, ಆದ್ರೆ...’

‘ಸಂಜೆಯೊಳಗೆ ಆ ಟಿವಿಯವನ ಬಾಯಲ್ಲೇ ನಿಜ ಹೇಳಿಸಿ. ಇಲ್ದಿದ್ರೆ ಮನೆ ಖಾಲಿ ಮಾಡಿ.’

ಹೆಂಡತಿಯ ಗಿರಾಕಿಗಳೆಲ್ಲ ಈ ಬೀದಿಯವರೇ. ಮನೆ ಹೋದರೆ ಅವಳ ಅಂಗಡಿಯೂ ಹೋದಂತೆ. ಅವಳು ಯಾರದೋ ಅರ್ಧ ಹೊಲಿದ ರವಿಕೆಯನ್ನು ಸುಮ್ಮನೆ ಮಡಚಿಟ್ಟಳು. ಬೈದಿದ್ದರೇ ವಾಸಿಯಿತ್ತು.

ಬೀದಿಗಿಳಿದರೆ ಎದುರುಮನೆಯ ವಿಮೆ ಏಜೆಂಟ್ ತಾನಾಗಿಯೇ ಹತ್ತಿರ ಬಂದ.

‘ಬೇಜಾರ್ ಮಾಡ್ಕೋಬೇಡಿ ಕಣ್ರೀ. ಗಲಾಟೆ ಜಾಸ್ತಿ ಆಯ್ತು ಅಂತ ವಿಡಿಯೋ ಮಾಡಿ, ನಿಗಾ ಕೇಂದ್ರದವ್ರು ಅಂತ ಬರೆದು ಬೀದಿ ಗ್ರೂಪಿಗೆ ಹಾಕ್ದೆ ಅಷ್ಟೆ. ಟಿವಿಯವ್ರು ಅಲ್ಲಿಂದ ಎತ್ಕೊಂಡ್ರು.’ ಸ್ವಲ್ಪ ದನಿ ತಗ್ಗಿಸಿದ. ‘ಅಂದ ಹಾಗೆ, ನಿಮ್ಗೆ ಜೀವವಿಮೆ ಇದೆಯಾ? ಇಂಥ ಟೈಮಲ್ಲೇ ಬೇಕಾಗೋದು ನೋಡಿ.’

ಟೈಪಣ್ಣ ಸೀದಾ ಟಿವಿ ಕಚೇರಿಗೆ ನುಗ್ಗಿದ. ಒದ್ದು ಓಡಿಸುತ್ತಾರೆ ಎಂದುಕೊಂಡಿದ್ದರೆ, ಮದುವೆ ಗಂಡನ್ನು ಕರೆದೊಯ್ದಂತೆ ಒಳಗೆ ಕರೆದೊಯ್ದರು. ಕಾಫಿ ಕೊಟ್ಟರು, ಮುಖಕ್ಕೆ ಪೌಡರ್ ಬಳಿದರು, ಕಾಲರಿಗೆ ಮೈಕು ಸಿಕ್ಕಿಸಿದರು.

‘ನಾನು ಕೇಳ್ಕೊಂಡು ಟೈಪ್ ಮಾಡ್ತಿದ್ದೆ ಸಾರ್. ಹೇಳ್ದೆ ಇದ್ರೆ ನನ್ನ ಕೈ ಓಡಲ್ಲ. ಪೂರ್ಣವಿರಾಮ ಅಂದ್ರೆ ಬರೀ ಚುಕ್ಕಿ.’

ನಿರೂಪಕ ಬೆಣ್ಣೆಯಂತೆ ನಕ್ಕ. ‘ಹೇಳಿದ್ರೆ ಯಾರು ನಂಬ್ತಾರೆ? ಮಾಡಿ ತೋರಿಸಿಬಿಡಿ. ನಿಮ್ಮ ಮೇಲಿನ ಕಳಂಕಾನೂ ಹೋಗತ್ತೆ.’

ಲ್ಯಾಪ್‌ಟಾಪ್ ಬಂತು. ಕಿವಿಗೆ ದಪ್ಪನೆಯ ಹೆಡ್‌ಫೋನ್ ಬಂತು. ಗುಡುಗಪ್ಪನ ದನಿ ಕಿವಿಗಿಳಿದದ್ದೇ ತಡ, ಎತ್ತುಗಳೆರಡೂ ಓಟ ಕಿತ್ತವು. ನಿನ್ನೆ ಕೇಳಿದ್ದು ಬೀದಿಗೆ ಮಾತ್ರ. ಇವತ್ತು ಒಳ್ಳೆಯ ಮೈಕಿನಲ್ಲಿ ಊರಿಗೆ ಊರೇ ಕೇಳಿತು. ಅವನು ಹೆಡ್‌ಫೋನ್ ತೆಗೆದಾಗ ನಿರೂಪಕನ ಕಣ್ಣಲ್ಲಿ ಆನಂದಬಾಷ್ಪವಿತ್ತು.

‘ನೋಡಿದಿರಲ್ಲ ವೀಕ್ಷಕರೇ, ನಮ್ಮ ಸ್ಟುಡಿಯೋದಲ್ಲೇ ಕೂತು ಎಂಥ ಧೈರ್ಯ. ಈತನ ಪೂರ್ಣವಿರಾಮ ಯಾರಿಗೆ? ಒಂದು ಚಿಕ್ಕ ವಿರಾಮದ ನಂತರ ನೋಡೋಣ.’

ಚುಕ್ಕಿಯ ಮಾತು ಎಲ್ಲಿ ಹೋಯಿತು ಎಂದು ಟೈಪಣ್ಣ ಕೇಳಿದ. ಆಗ ಜಾಹೀರಾತು ಹೋಗುತ್ತಿತ್ತು ಎಂದರು.

ಗೇಟಿನ ಹೊರಗೆ ದಡರಕ್ಷಕ ದಳದ ಹುಡುಗರು ಹಾರ ಹಿಡಿದು ಕಾದಿದ್ದರು. ಹೊಡೆಯುತ್ತಾರೆ ಎಂದು ಟೈಪಣ್ಣ ಕತ್ತು ತಗ್ಗಿಸಿದ. ಅದೇ ತಪ್ಪಾಯಿತು, ಹಾರ ಸಲೀಸಾಗಿ ಬಿತ್ತು.

‘ಅಣ್ಣಾ, ಗುಡುಗಪ್ಪನೋರ ಗಂಟಲು ಕಟ್ಟಿದೆ. ಸಂಜೆ ಸಭೆಗೆ ನೀವೇ ಬರ್ಬೇಕು’ ಎಂದ ಮುಂದಿನವ. ‘ಭಾಷಣ ಮುಗಿದ್ಮೇಲೆ ಏನು ಕೂಗ್ಬೇಕು ಅಂತ ಇಷ್ಟು ದಿನ ನಮ್ಗೆ ಗೊತ್ತೇ ಆಗ್ತಿರಲಿಲ್ಲ. ನೀವು ಕೊಟ್ರಿ.’

‘ನಾನೇನಪ್ಪ ಕೊಟ್ಟೆ?’

‘ಪೂರ್ಣವಿರಾಮ’ ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ತಂತಿಯ ಮೇಲಿದ್ದ ಕಾಗೆಗಳು ಎದ್ದವು.

‘ಅದು ಚುಕ್ಕಿ ಕಣಪ್ಪ. ವಾಕ್ಯದ ಕೊನೇಲಿ ಇಡೋ ಚುಕ್ಕಿ.’

‘ಇಟ್ಬಿಡೋಣ ಅಣ್ಣಾ. ಒಬ್ಬರನ್ನೂ ಬಿಡದೆ ಇಟ್ಬಿಡೋಣ.’

ಟೈಪಣ್ಣ ಓಡಿದ. ಹಾರ ಕಿತ್ತೆಸೆಯಲು ಕೈ ಬರದಷ್ಟು ಜೋರಾಗಿ ಓಡಿದ. ಹಿಂದೆ ಹುಡುಗರು ಅದನ್ನು ಮೆರವಣಿಗೆ ಎಂದು ತಿಳಿದು ಘೋಷಣೆ ಕೂಗುತ್ತ ಓಡಿದರು. ನಿಗಾ ಕೇಂದ್ರದ ಬಾಗಿಲು ಹಾಕಿಕೊಂಡಾಗ ಅವನ ಕತ್ತಿನಲ್ಲಿ ಉಳಿದದ್ದು ದಾರ ಮತ್ತು ಒಂದೇ ಒಂದು ಹೂವು.

ಕೇಂದ್ರದ ಮುಖ್ಯಸ್ಥೆ ಮೇಡಂ ಕನ್ನಡಕ ಹಣೆಗೇರಿಸಿ ಎಲ್ಲ ಕೇಳಿದರು. ಅವನ ಬಾಯಿಯ ಕಾಟ ಅನುಭವಿಸಿದವರು ಅವರು. ನಂಬುವುದಕ್ಕೆ ಕ್ಷಣವೂ ಬೇಕಾಗಲಿಲ್ಲ. ತಾವೇ ಮಾಲೀಕರಿಗೆ ಫೋನ್ ಮಾಡಿದರು. ಸೊಸೆಯನ್ನೂ ಕರೆದು ಮಾತಾಡಿದರು. ಸೊಸೆ ನಕ್ಕದ್ದು ಫೋನಿನಾಚೆಗೂ ಕೇಳಿಸಿತು. ಕೊನೆಗೆ ಮಾಲೀಕರು ಒಪ್ಪಿದರು: ಇರಲಿ, ಆದರೆ ಇನ್ನು ಮೇಲೆ ಮಹಡಿಯಿಂದ ಒಂದು ಸೊಲ್ಲೂ ಕೇಳಬಾರದು.

ಟೈಪಣ್ಣನಿಗೆ ಹೋದ ಜೀವ ಬಂದಂತಾಯಿತು. ಹೊರಡಲು ಎದ್ದ.

‘ಕೂತ್ಕೊಳ್ಳಿ’ ಎಂದರು ಮೇಡಂ. ‘ಗುಡುಗಪ್ಪನ ಭಾಷಣದಲ್ಲಿ ಪೂರ್ಣವಿರಾಮ ಅನ್ನೋ ಮಾತಿತ್ತಾ?’

‘ಇಲ್ಲ ಮೇಡಂ.’

‘ಈಗ ಅದನ್ನ ಬೀದೀಲಿ ಕೂಗ್ತಿದಾರೆ. ಆ ಮಾತು ಯಾರದು?’

ಹೊರಗೆ ಹುಡುಗರು ಇನ್ನೂ ಕೂಗುತ್ತಿದ್ದರು. ಟೈಪಣ್ಣ ಕಿಟಕಿಯ ಕಡೆ ನೋಡಿದ, ನೆಲ ನೋಡಿದ. ‘ನಂದು’ ಎಂದ.

‘ವರದಿಯಿಂದ ನಿಮ್ಮನ್ನ ಬಿಟ್ರೆ ಟಿವಿಯವ್ರು ಹೇಳಿದ್ದೇ ನಿಜ ಆಗತ್ತೆ. ಈ ತಿಂಗಳ ವರದಿಗೆ ನಿಮ್ಮ ಭಾಷಣಾನೂ ಸೇರ್ಬೇಕು. ಏನು ನಡೀತು ಅಂತ ಅಡಿಟಿಪ್ಪಣಿ ನಾನು ಹಾಕ್ತೀನಿ.’

‘ಅಡಿಟಿಪ್ಪಣಿ ಯಾರು ಓದ್ತಾರೆ ಮೇಡಂ?’

‘ಯಾರೂ ಓದಲ್ಲ. ಸಂಜೆಯೊಳಗೆ ಟೈಪ್ ಮಾಡಿ ಕಳ್ಸಿ.’

ಮನೆಗೆ ಬಂದರೆ ಒಳಗೆ ಕಾಲಿಡಲು ಜಾಗವಿಲ್ಲ. ಟಿವಿಯಲ್ಲಿ ಬಂದವನನ್ನು ನೋಡಲು ಇಡೀ ಬೀದಿ ಹರಿದ ಬಟ್ಟೆಯ ನೆಪ ಹಿಡಿದು ಬಂದು ಕೂತಿತ್ತು. ಮತ್ತೆ ಮಹಡಿಯೇ ಗತಿ. ಆದರೆ ಬಾಯಿಗೆ ಏನು ಮಾಡುವುದು?

‘ಇದಕ್ಕೆಲ್ಲ ಯಾಕೆ ಯೋಚ್ನೆ’ ಎಂದು ಹೆಂಡತಿ ಡಬ್ಬಿಯಿಂದ ಒಂದು ಹಿಡಿ ಗುಂಡುಸೂಜಿ ತೆಗೆದಳು. ‘ಹೊಲಿಯುವಾಗ ನಾನು ಇಟ್ಕೊಳ್ಳಲ್ವಾ? ತುಟಿ ಮಧ್ಯೆ ಕಚ್ಕೊಳ್ಳಿ. ಮಾತು ತಾನಾಗೇ ನಿಲ್ಲತ್ತೆ.’ ಜೊತೆಗೆ ಹೊಲಿದು ಸರಿಮಾಡಿದ ಬನಿಯನ್ ಕೊಟ್ಟಳು.

ಪವಾಡವೇ ಆಯಿತು. ಸಾಲು ಸೂಜಿ ಕಚ್ಚಿಕೊಂಡು ಕೂತ ಟೈಪಣ್ಣನ ಕೈ ಹುಟ್ಟಿದ ಮೇಲೆ ಮೊದಲ ಸಲ ಬಾಯಿಯ ಹಂಗಿಲ್ಲದೆ ಓಡಿತು. ತನ್ನ ಭಾಷಣವನ್ನು ತಾನೇ ಕೇಳುತ್ತ, ಒಂದಕ್ಷರ ಬಿಡದೆ ಹೊಡೆದ. ‘ಪೂರ್ಣವಿರಾಮ’ ಎಂದು ಟೈಪ್ ಮಾಡಿ, ಅದರ ಮುಂದೆ ಒಂದು ಪೂರ್ಣವಿರಾಮ ಇಟ್ಟ. ಇಯರ್‌ಫೋನ್ ತೆಗೆದ. ಬೀದಿ ತಣ್ಣಗಿತ್ತು.

ಎದುರುಮನೆಯ ಕಿಟಕಿಯ ಪರದೆ ಮೆಲ್ಲಗೆ ಅಲುಗಿ ಬಹಳ ಹೊತ್ತಾಗಿತ್ತು, ಅವನು ನೋಡಿರಲಿಲ್ಲ. ಕೆಳಗೆ ಮಾಲೀಕರ ಟಿವಿಯಿಂದ ಪರಿಚಿತ ದನಿಯೊಂದು ತೇಲಿ ಬಂತು.

‘ವೀಕ್ಷಕರೇ, ಬೆಳಿಗ್ಗೆ ಅಬ್ಬರಿಸಿದವನು ಸಂಜೆ ಬಾಯಿ ಬಿಡುತ್ತಿಲ್ಲ. ಬಿಗಿದ ಆ ತುಟಿಗಳ ಹಿಂದೆ ಏನಿದೆ? ನಿಗಾ ಕೇಂದ್ರ ಏನನ್ನು ಮುಚ್ಚಿಡುತ್ತಿದೆ?’

ಮೆಟ್ಟಿಲ ಮೇಲೆ ದಪದಪ ಹೆಜ್ಜೆ ಸದ್ದು. ಮುಂದೆ ಮಾಲೀಕರು, ಹಿಂದೆ ಹೆಂಡತಿ.

‘ಟೈಪಣ್ಣ, ಬೆಳಿಗ್ಗೆ ಕೂಗಾಡಿದ್ರಿ, ಹೋಗ್ಲಿ ಅಂತ ಬಿಟ್ಟೆ. ಈಗ ಬಾಯಿ ಮುಚ್ಕೊಂಡು ಅದೇನು ಮಸಲತ್ತು ನಡೆಸ್ತಿದೀರಿ? ಇಲ್ಲೇ, ಈಗಲೇ ಹೇಳಿ. ಇಲ್ದಿದ್ರೆ ನಾಳೆ ಮನೆ ಖಾಲಿ.’

ಟೈಪಣ್ಣ ದಡಕ್ಕನೆ ಎದ್ದ. ಹೇಳಲು ಬೇಕಾದಷ್ಟಿತ್ತು. ಹೆಂಡತಿ ಮುಂದೆ ನುಗ್ಗಿ ಅವನ ಗದ್ದ ಹಿಡಿದಳು.

‘ಮಾತಾಡ್ಬೇಡಿ ರೀ, ಸೂಜಿ ನುಂಗಿಬಿಡ್ತೀರಿ.’