ಖಣದೊಳಗಿನ ಅತ್ತೆ

"ವೈನಿ, ಇನ್ಮ್ಯಾಲ ನಿಮ್ಮ ಫೋನಿನ ಡೇಟಾ ಯಾವ ಕಂಪನಿ ಕ್ಲೌಡಿಗೂ ಹೋಗಂಗಿಲ್ಲ!" ಎಂದು ನನ್ನ ಮೈದುನ ದುಂಡಪ್ಪ ಮಗ್ಗದ ಮೇಲೆ ಬಡಿದ. ಗುಳೇದಗುಡ್ಡದ ನಮ್ಮ ಮನೆಯ ಹಳೇ ಮಗ್ಗಕ್ಕೆ ಅವನು ಆರು ತಿಂಗಳು ವೈರು ಸುತ್ತಿದ್ದ. ಫೋನು ಸಿಕ್ಕಿಸಿದರೆ ಒಂದಕ್ಕೆ ಬಿಳಿ ಎಳೆ, ಸೊನ್ನೆಗೆ ಕೆಂಪು ಎಳೆ ಹಾಕಿ ಒಳಗಿನದನ್ನೆಲ್ಲ ಕುಪ್ಪಸದ ಬಟ್ಟೆಯಾದ ಖಣವಾಗಿ ನೇಯುತ್ತಿತ್ತು.

ನನ್ನ ಫೋನಿನಲ್ಲಿದ್ದದ್ದು ತೀರಿಹೋದ ಅತ್ತೆಯ ದನಿ. ಓದು ಬರಹ ಬಾರದ ಆಕೆ ಅಡುಗೆಮನೆಯಿಂದ ಹಿತ್ತಿಲಿಗೂ ವಾಯ್ಸ್ ಮೆಸೇಜ್ ಕಳಿಸಿ ಬೈಯುತ್ತಿದ್ದಳು. ಆ ಬೈಗುಳವಿಲ್ಲದೆ ನನಗೆ ಮನೆ ಮನೆಯೆನಿಸುತ್ತಿರಲಿಲ್ಲ.

ಐದು ಖಣ ನೇಯ್ದಾಯಿತು. "ನೋಡ್ರಿ ನನ್ನ ಧೈರ್ಯ!" ಎಂದವನೇ ಫೋನಿನಲ್ಲಿದ್ದದ್ದನ್ನೆಲ್ಲ ಅಳಿಸಿಬಿಟ್ಟ!

"ಯಾಕೋ ಅಳಿಸಿದಿ, ಖೋಡಿ?"

"ಅಳಿಸದಿದ್ರ ಖಣದಾಗ ಎಲ್ಲಾ ಐತಿ ಅನ್ನೂ ಪುರಾವೆ ಹ್ಯಾಂಗ ಸಿಗತೈತ್ರಿ?"

ಖಣ ಓದುವ ಕ್ಯಾಮೆರಾ ಮಾತ್ರ ಹುಬ್ಬಳ್ಳಿಯಿಂದ ಇನ್ನೂ ಬರಬೇಕಿತ್ತು! ಅದು ಬಂದ ದಿನ ಟ್ರಂಕು ತೆರೆದರೆ ಖಣವೇ ಇಲ್ಲ.

"ಶುಕ್ರವಾರ ಮುತ್ತೈದೇರು ಬಂದಿದ್ರು," ಎಂದಳು ಅವನ ಹೆಂಡತಿ ಕಾಶವ್ವ. "ಅಕ್ಕಿ, ಕೊಬ್ಬರಿ, ಖಣ ಹಾಕಿ ಐದೂ ಮಂದಿಗೆ ಉಡಿ ತುಂಬೀನಿ."

"ಅದು ಬ್ಯಾಕಪ್ಪಲೇ!"

"ಖಣ ನೇಯ್ದರ ಖಣ ಅಂತೀನಿ. ಬ್ಯಾಕಪ್ಪಂತ ಮ್ಯಾಲ ನೀವು ಹೆಸರು ಬರೆದಿದ್ರೇನು?"

ದುಂಡಪ್ಪ ಮನೆಮನೆ ತಿರುಗಿ ಕೈಮುಗಿದ. ನಾಲ್ವರು ಬಂದರು. ಖಣಗಳಾಗಲೇ ಕುಪ್ಪಸವಾಗಿದ್ದವು! ಸಾಲಾಗಿ ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನಿಂತರು. ಸ್ಪೀಕರು ಕೆಮ್ಮಿತು.

"ಏ, ಇನ್ನೂ ಹಿಟ್ಟು ನಾದಿಲ್ಲೇನ?"

ಅತ್ತೆ! ನನಗೆ ಅಳು ತಡೆಯಲಾಗಲಿಲ್ಲ. ಆ ಕುಪ್ಪಸ ತೊಟ್ಟವಳು ಮಾತ್ರ ಗಾಬರಿಯಿಂದ "ನಾದೀನ್ರೀ!" ಎಂದಳು.

ಎರಡನೆಯವಳ ಬೆನ್ನನ್ನು ದರ್ಜಿ ಆಳವಾಗಿ ಕತ್ತರಿಸಿದ್ದ. ಅಲ್ಲಿ ಅತ್ತೆ "ನಿನ್ನ ಗಂಡ ಒಬ್ಬ..." ಎಂದು ನಿಂತಳು. ಉಳಿದದ್ದು ದರ್ಜಿಯ ಚಿಂದಿ ಚೀಲದಲ್ಲಿತ್ತು. ನೋಡಲು ಬಂದ ನೆರೆಯ ಹೆಂಗಸರೂ ಅಂಗಡಿಯ ಖಣ ತೊಟ್ಟವರೇ. ಯಂತ್ರ ಅವರ ಬೆನ್ನನ್ನೂ ಬಿಡದೆ ಓದಿ, ಅರ್ಥವಿಲ್ಲದ್ದನ್ನೆಲ್ಲ ಅತ್ತೆಯ ದನಿಯಲ್ಲೇ ಬೈಯಿತು! ಓಣಿ ಖಾಲಿಯಾಯಿತು; ಉಳಿದವರು ಆ ನಾಲ್ವರೇ.

"ಸಾಕು, ಮುಂದ ಡೇಟಾ ಕ್ಲೌಡ್ ಕಂಪನಿಗೇ ಕೊಡೂಣು," ಎಂದರು ನನ್ನ ಗಂಡ.

ನನಗೆ ಸಿಟ್ಟು ನೆತ್ತಿಗೇರಿತು. "ಕೊಡಂಗಿಲ್ಲ! ಅಲ್ಲಿ ಯಾರದೋ ಪೆಟ್ಟಿಗ್ಯಾಗ ಅತ್ತಿ ಬಾಯಿ ಮುಚ್ಚಿಕೊಂಡು ಕುಂದ್ರಬೇಕು. ಇಲ್ಲಿ ಐದು ಮನ್ಯಾಗ ಬೈತಾಳ! ದುಂಡಪ್ಪಾ, ಇನ್ನಷ್ಟು ನೂಲು ತಾ!"

ಕೊನೆಗೆ ನಾಲ್ಕನೆಯ ಕುಪ್ಪಸ ಮಾತಾಡಿತು. "ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಂದ್ರ..."

ಮುಂದಿನ ಮಾತಿದ್ದ ಐದನೆಯ ಕುಪ್ಪಸ ಮದುವೆಗೆಂದು ಸೊಲ್ಲಾಪುರಕ್ಕೆ ಹೋಗಿತ್ತು. ಇಲ್ಲಂದ್ರ ಏನು ಎಂಬುದು ಇವತ್ತಿಗೂ ಗೊತ್ತಿಲ್ಲ. ಯಾಕೆ ಬೇಕು ಎಂದು ನಾನು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೇನೆ.