ನಮ್ಮ ಮಾಳಿಗೆಯೂ ಹುಡುಗರ ಹಾಸ್ಟೆಲ್ಲೂ

ರಾಯಚೂರಿನಲ್ಲಿ ಒಂದು ಸ್ವಂತ ಮನೆ ಇದ್ದವರಿಗೆ ಎರಡು ಮನೆ ಇದ್ದಂತೆ ಎಂದು ನನ್ನ ನಂಬಿಕೆ. ಒಂದು ಕೆಳಗಿನದು, ಮಳೆಗೆ, ಚಳಿಗೆ, ಬೀಗರಿಗೆ. ಇನ್ನೊಂದು ಅದರ ತಲೆಯ ಮೇಲಿನ ಬಯಲು ಮಾಳಿಗೆ. ಶಿವರಾತ್ರಿ ಕಳೆದರೆ ಮೊದಲ ಮಳೆ ಬೀಳುವ ತನಕ ಹಾಸಿಗೆ, ನೀರಿನ ಮಗಿ, ಮಕ್ಕಳು, ಮುನಿಸು ಎಲ್ಲ ಅಲ್ಲಿಗೇ ಹೋಗುತ್ತವೆ. ಆ ಮನೆಗೆ ಗೋಡೆ ಇಲ್ಲ. ಪಕ್ಕದ ಮಾಳಿಗೆಯ ಕಡೆ ಯಾರೂ ನೋಡುವುದಿಲ್ಲ, ಅದೇ ಗೋಡೆ. ಬೆಳಿಗ್ಗೆ ನಮ್ಮ ಓಣಿಯ ಗಂಡಸರು ಆಕಾಶದಲ್ಲಿ ಏನೋ ಕಳೆದುಕೊಂಡವರ ಹಾಗೆ ಕತ್ತೆತ್ತಿಕೊಂಡೇ ಮೆಟ್ಟಿಲು ಇಳಿಯುತ್ತಿದ್ದರು. ಹಾಗೆ ಇಳಿಯುತ್ತ ನಾನು ಎರಡು ಸಲ ಬಿದ್ದಿದ್ದೇನೆ. "ಮಂದಿ ಮರ್ಯಾದಿ ಉಳಿಸಾಕ ಹೋಗಿ ಮಣಕಾಲು ಮುರ್ಕೊಂಡ್ರಿ" ಎಂದು ನನ್ನ ಹೆಂಡತಿ ಅಂಬಮ್ಮ ಅರಿಶಿನ ಅರೆದು ಹಚ್ಚಿದ್ದಳು.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ದೀಪಾವಳಿಗೆ ಎಂಟು ದಿನ ಇರುವಾಗ ಅಂಬಮ್ಮ ತೀರಿಕೊಂಡಳು. ಮುಂದಿನ ಬೇಸಿಗೆಯಲ್ಲಿ ನಾನು ಮಾಳಿಗೆ ಹತ್ತಲಿಲ್ಲ. ಕೇಳಿದವರಿಗೆ ಮಣಕಾಲು ನೋವು ಎಂದೆ. ಕೆಳಗೆ ಫ್ಯಾನು ಒಲೆ ಊದಿದ ಹಾಗೆ ಬಿಸಿಗಾಳಿ ಬೀಸುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಹತ್ತಿ ಗಿರಣಿಯಲ್ಲಿ ಗುಮಾಸ್ತನಾದ ನಾನು ಹಗಲು ತೂಕಡಿಸುತ್ತ, ಮಾನ್ವಿಯಿಂದ ಬಂದ ಹತ್ತಿಯ ಮೇಲೆ ದೇವದುರ್ಗದ ಚೀಟಿ ಅಂಟಿಸುತ್ತಿದ್ದೆ. ಹತ್ತಿ ಏನೂ ಬೇಜಾರು ಮಾಡಿಕೊಳ್ಳಲಿಲ್ಲ. ಮಾಲೀಕರು ಮಾಡಿಕೊಂಡರು.

ಅದೇ ಬೇಸಿಗೆಯಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ ಎರಡಂತಸ್ತಿನ ಹಾಸ್ಟೆಲ್ ಕಟ್ಟುತ್ತಾರೆಂದು ಸುದ್ದಿ ಬಂತು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದ ಕಾಲೇಜಿಗೆ ಬರುವ ಕೂಲಿಯವರ ಮಕ್ಕಳಿಗಾಗಿ ಅದು. ಮಾನ್ವಿಯ ಒಬ್ಬ ಮಾಸ್ತರರು ಓಡಾಡಿ ಜಾಗ ಹಿಡಿದಿದ್ದರು. ಓಣಿಯ ಹಿರಿಯರಾದ ನಿವೃತ್ತ ಹೆಡ್ ಕ್ಲರ್ಕ್ ಶರಣಪ್ಪನವರು ಅಂದೇ ತಕರಾರು ಅರ್ಜಿ ಬರೆದರು: ಮೇಲಂತಸ್ತಿನ ಕಿಟಕಿಗಳಿಂದ ವಿದ್ಯಾರ್ಥಿಗಳ ದೃಷ್ಟಿ ನಮ್ಮ ಮಾಳಿಗೆಗಳ ಮೇಲೆ ಬಿದ್ದು ಹೆಣ್ಣುಮಕ್ಕಳ ಮರ್ಯಾದೆಗೆ ಧಕ್ಕೆಯಾಗುತ್ತದೆ. ಜಾಗಕ್ಕೆ ಅಂಟಿದ್ದು ನನ್ನ ಮನೆಯಾದ್ದರಿಂದ ಮೊದಲ ಸಹಿ ನನ್ನದೇ ಆಗಬೇಕಿತ್ತು. ಮಲ್ಲಟ ಎಂಬ ಹಳ್ಳಿಯಿಂದ ಬಂದು, ಇದೇ ಊರಿನಲ್ಲಿ ಸೋದರಮಾವನ ಮನೆಯ ಪಡಸಾಲೆಯಲ್ಲಿ ಚಪ್ಪಲಿಗಳ ಪಕ್ಕ ಮಲಗಿ ಮೆಟ್ರಿಕ್ ಪಾಸಾದವನು ನಾನು. ಆದರೂ ಸಹಿ ಮಾಡಿದೆ. ಕಾಗದ ಮುಂದೆ ಹಿಡಿದರೆ ಸಹಿ ಮಾಡುವುದು ಗುಮಾಸ್ತರಿಗೆ ಅಂಟಿದ ರೋಗ.

ಮಾನ್ವಿಯ ಮಾಸ್ತರರನ್ನು ಜೊತೆಗೆ ಕರೆದುಕೊಂಡು ನಗರಸಭೆಯಿಂದ ಒಬ್ಬ ಎಳೆಯ ಇಂಜಿನಿಯರ್ ಬಂದ. ಅದೂ ನಡು ಮಧ್ಯಾಹ್ನ. ಅರ್ಜಿ ಓದಿ, "ಕಾಣ್ತದೋ ಇಲ್ಲೋ ನೋಡೇ ಬಿಡೋಣ್ರಿ" ಎಂದು ಖಾಲಿ ಜಾಗದ ಬೇವಿನ ಮರಕ್ಕೆ ಏಣಿ ಹಚ್ಚಿಸಿ, ಮುಂದೆ ಕಿಟಕಿ ಬರುವಷ್ಟು ಎತ್ತರಕ್ಕೆ ತಾನೇ ಹತ್ತಿ ನಿಂತ. "ಯಾರಾದ್ರೂ ಮಾಳಿಗಿ ಮ್ಯಾಲ ಮಲಗಿ ತೋರಸ್ರಿ!"

"ಹನುಮಂತಪ್ಪಾ, ನಿನ್ನ ಮಾಳಿಗಿ, ನೀನೇ ಹೋಗು" ಎಂದರು ಶರಣಪ್ಪನವರು.

ಅಂಬಮ್ಮ ಹೋದ ಮೇಲೆ ಮೊದಲ ಸಲ ಹತ್ತಿದೆ. ಜಮಖಾನೆ ಅವಳು ಸುತ್ತಿಟ್ಟ ಹಾಗೆಯೇ ಮೆಟ್ಟಿಲ ತುದಿಯ ತಗಡಿನ ಕೆಳಗಿತ್ತು. ಝಾಡಿಸಿ ಬೇವಿನ ನೆರಳಿನಲ್ಲಿ ಹಾಸಿ ಮಲಗಿದೆ.

"ಕಾಣ್ತದ್ರೀ! ಕಾಲಿಂದ ತಲಿ ತನಕ ಪೂರಾ ಕಾಣ್ತದ!" ಎಂದು ಏಣಿಯಿಂದ ಕೂಗು ಬಂತು. ಸ್ವಲ್ಪ ತಡೆದು, "ಯಾಕ್ರೀ ಜಮಖಾನಿ ಅಂಚಿಗಿ ಮಲಗೀರಿ? ಇತ್ತಾಗ ಅಷ್ಟೊಂದು ಜಾಗ ಖಾಲಿ ಅದ, ಸರೀರಿ."

ನಾನು ಸರಿಯಲಿಲ್ಲ. ಎಲೆಗಳ ನಡುವೆ ಗಾಳಿ ಸುಳಿಯಿತು, ನಾನು ಕಣ್ಣು ಮುಚ್ಚಿದೆ. ಆಮೇಲಿನದನ್ನು ಬೇರೆಯವರು ಹೇಳಿ ನನಗೆ ಗೊತ್ತು. ನಾನು ಬಾಯಿ ತೆರೆದು ಗೊರಕೆ ಹೊಡೆದೆನಂತೆ. ಏಣಿಯ ಮೇಲಿನ ಸರಕಾರಿ ನೌಕರ ಏನು ಬರೆದುಕೊಳ್ಳಬೇಕೆಂದು ತಿಳಿಯದೆ ಬೆವರು ಒರೆಸಿಕೊಂಡನಂತೆ.

ಎಬ್ಬಿಸಿ ಕೆಳಗೆ ಕರೆತಂದರು. "ಹಾಸ್ಟೆಲ್ ಬಂದ್ರ ನಿಮಗ ತ್ರಾಸ ಅದೇನ್ರಿ?" ಎಂದು ಇಂಜಿನಿಯರ್ ಕೇಳಿದ. ಮಾನ್ವಿಯ ಮಾಸ್ತರರು ಕೈಮುಗಿದು, "ಪರವಾನಗಿ ಸಿಗಲಿಲ್ಲಂದ್ರ ಹುಡುಗ್ರು ಪುಸ್ತಕ ಬಿಟ್ಟು ಕೂಲಿ ಹಿಡೀತಾವ್ರಿ" ಎಂದರು.

"ತ್ರಾಸ ಇಲ್ಲ" ಎಂದೆ.

"ಮತ್ತ ಸಹಿ ಮಾಡೀಯಲ್ಲೋ?" ಶರಣಪ್ಪನವರು ಕೆಂಪಾದರು.

"ಆವಾಗ ನಿದ್ದಿ ಇರಲಿಲ್ರಿ. ಈಗ ಆತು."

"ನಿನಗೇನಪಾ, ನಿನ್ನ ಮಾಳಿಗಿ ಖಾಲಿ ಅದ!"

ಹೇಳಿಬಿಟ್ಟ ಮೇಲೆ ಅವರಿಗೇ ತಾವು ಏನು ಹೇಳಿದೆವೆಂದು ಹೊಳೆಯಿತು. ನಾನು ಬೇವಿನ ಮರ ನೋಡಿದೆ. ಆಗ ಅವರ ಹೆಂಡತಿ ಬಸಮ್ಮ ಬಾಗಿಲಿನಿಂದ ಓಣಿಗೇ ಇಳಿದು ಬಂದರು. "ಎಂಥಾ ಮಾತ್ರಿ ಅದು? ಮರ್ಯಾದಿ ನಮ್ಮದು ಅಂತೀರಿ, ನಮ್ಮನ್ನ ಒಬ್ರಾದ್ರೂ ಕೇಳೀರೇನು? ಸಾಹೇಬ್ರ, ಬರಕೋರಿ. ಹುಡುಗ್ರು ಬರ್ಲಿ, ಓದ್ಲಿ. ಈ ಯಜಮಾನ್ರ ಗೊರಕಿ ತಡಕೊಂಡು ಮೂವತ್ತು ವರ್ಷ ಮಲಗೀನಿ, ಕಿಟಕಿ ತಡಕೊಳ್ಳಾಕ ಆಗಂಗಿಲ್ಲೇನು?"

ಓಣಿಯೆಲ್ಲ ನಕ್ಕಿತು. ಕೊನೆಗೆ ಶರಣಪ್ಪನವರೂ ಮೀಸೆಯೊಳಗೆ ನಕ್ಕರು. ಸಂಜೆ ಅವರ ಮನೆಯಿಂದ ನನಗೆ ಎರಡು ಜೋಳದ ರೊಟ್ಟಿ, ಹಸಿಖಾರ ಬಂದವು. ಕ್ಷಮೆ ಕೇಳಲು ಹೆಡ್ ಕ್ಲರ್ಕುಗಳಿಗೆ ಅದಕ್ಕಿಂತ ಬೇರೆ ದಾರಿ ಗೊತ್ತಿರುವುದಿಲ್ಲ. ನಗರಸಭೆ ಪರವಾನಗಿ ಕೊಟ್ಟಿತು: ನಮ್ಮ ಕಡೆಯ ಕಿಟಕಿಗಳು ಆಳಿಗಿಂತ ಎತ್ತರ ಇರಬೇಕು, ಬೇವಿನ ಮರ ಕಡಿಯಬಾರದು.

ಮರುವರ್ಷ ಹಾಸ್ಟೆಲ್ ಎದ್ದಿತು, ಹುಡುಗರು ಬಂದರು. ಮಳೆ ಇನ್ನೂ ಬಿದ್ದಿರಲಿಲ್ಲ. ಮಣಕಾಲು ವಾಸಿಯಾಯಿತೆಂದು ಎಲ್ಲರಿಗೂ ಹೇಳಿ ನಾನು ಮಾಳಿಗೆಯ ಮೇಲೆಯೇ ಮಲಗುತ್ತಿದ್ದೆ. ಹದಿನೈದು ದಿನ ಕಳೆದಿರಬೇಕು, ಬೆಳಿಗ್ಗೆ ಬೀದಿ ನಳದ ಹತ್ತಿರ ಕುರ್ಡಿ ಹಳ್ಳಿಯ ಹಾಸ್ಟೆಲ್ ಹುಡುಗನೊಬ್ಬ ಕೊಡ ಕೆಳಗಿಟ್ಟು ಮೆಲ್ಲಗೆ ಮಾತು ತೆಗೆದ.

"ಕಾಕಾ, ಸಿಟ್ಟಿಗೇಳಬ್ಯಾಡ್ರಿ. ಕಿಟಕಿ ಎತ್ತರ ಅದ, ನಮಗೇನೂ ಕಾಣಂಗಿಲ್ಲ. ಆದ್ರ ಕೇಳಸ್ತದ್ರಿ. ದಿನಾ ಮಲಗೂ ಮುಂದ ನೀವೊಬ್ರೇ ಮಾತಾಡ್ತೀರಿ. ಗಿರಣಿ ಸುದ್ದಿ, ಪಲ್ಲೆ ಸುದ್ದಿ, ಶರಣಪ್ಪನೋರ ಸುದ್ದಿ. ಕಾಕಿ ದನಿ ಒಂದಿನಾನೂ ಕೇಳಿಲ್ಲ. ಪಾಪ, ಅವರಿಗೂ ಒಂಚೂರು ಮಾತಾಡಾಕ ಬಿಡ್ರಿ."

ನಾನು ಮನಸ್ಸಿನೊಳಗೇ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಂಬಮ್ಮನ ಜೊತೆ ಇಪ್ಪತ್ತೆಂಟು ವರ್ಷ ಬಾಳಿದೆ. ನಡುವೆ ಒಂದು ಮಾತು ತೂರಿಸಲು ಜಾಗ ಸಿಗದೆ ಒದ್ದಾಡಿದವನು ನಾನು ಎಂದು ಆ ಹುಡುಗನಿಗೆ ಹೇಗೆ ಹೇಳಲಿ? "ಆತಪಾ, ಬಿಡ್ತೀನಿ" ಎಂದೆ.

ಅಂದಿನಿಂದ ಒಂದು ಮಾತಾಡಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಆ ಹೊತ್ತು ಅಂಬಮ್ಮನದು; ವಾದದಲ್ಲಿ ಸಾಮಾನ್ಯವಾಗಿ ಸೋಲುವವನು ನಾನೇ.