ಎರಡು ಬೆರಳು ಜಾಗ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಕಂಡವರ ಹೊಟ್ಟೆ ಅಳೆದು ಬುದ್ಧಿ ಹೇಳುವುದು ನನ್ನ ಉದ್ಯೋಗ. ನನ್ನದನ್ನು ಮಾತ್ರ ನಾನು ಅಳೆದುಕೊಂಡವನಲ್ಲ. ಆಕ್ಲೆಂಡಿನ ಹೆಂಡರ್ಸನ್ನಿನಲ್ಲಿ ಒಂದು ಕ್ಲಿನಿಕ್ಕಿನ ನರ್ಸು ನಾನು. ಓದಿದ್ದು ಧಾರವಾಡದಲ್ಲಿ. ಗಂಡಸು ನರ್ಸು ಎಂದರೆ ಊರಿನ ನೆಂಟರು ಇವತ್ತಿಗೂ "ಅಂದ್ರ ಡಾಕ್ಟರ್ ಏನು?" ಎಂದು ಕೇಳುತ್ತಾರೆ, ನಾನೂ ಒಂದು ಕ್ಷಣ ತಡಮಾಡಿಯೇ "ಅಲ್ಲ" ಅನ್ನುತ್ತೇನೆ. ಸಕ್ಕರೆ, ಬಿ.ಪಿ., ರಕ್ತದ ಕೊಬ್ಬು ಎಲ್ಲ ಮಾತಾಡಿಕೊಂಡವರಂತೆ ಒಟ್ಟಿಗೆ ಏರುವುದಕ್ಕೆ ಮೆಟಬಾಲಿಕ್ ಸಿಂಡ್ರೋಮ್ ಎಂದು ದೊಡ್ಡ ಹೆಸರಿದೆ. ಹೆಸರು ಎಷ್ಟೇ ದೊಡ್ಡದಿರಲಿ, ಅದರ ಜಾಡು ಹಿಡಿಯಲು ಮೊದಲು ಬೇಕಾಗುವುದು ದರ್ಜಿಯ ಕೊರಳಲ್ಲಿ ನೇತಾಡುವಂಥ ಒಂದು ಟೇಪು. ಅದನ್ನು ಹೊಟ್ಟೆಗೆ ಸುತ್ತಿ "ಉಸಿರು ಬಿಡಿ" ಎನ್ನಬೇಕು. ಯಾರೂ ಬಿಡುವುದಿಲ್ಲ.

ಬಿಡದವರಲ್ಲಿ ಮೊದಲಿಗರು ಪಾರ್ಕ್ ಅಂಕಲ್. ನಮ್ಮಲ್ಲಿಗೆ ಕೊರಿಯಾದವರು ಬಹಳ ಬರುತ್ತಾರೆ. ಇವರು ಸುಶಿ ಅಂಗಡಿಯವರು, ಅರವತ್ತು ದಾಟಿದವರು. ಸುಶಿ ಎಂಬ ಅನ್ನದ ಸುರುಳಿ ಜಪಾನಿನದು, ಈ ಊರಲ್ಲಿ ಮಾರುವವರು ಹೆಚ್ಚಾಗಿ ಕೊರಿಯಾದವರು, ಸಾಲಿನಲ್ಲಿ ನಿಂತು ತಿನ್ನುವವರು ನಮ್ಮಂಥವರು. ಮೂರು ತಿಂಗಳಿಗೊಮ್ಮೆ ಬಂದು, ಟೇಪು ಕಂಡ ಕೂಡಲೇ ಅಂಕಲ್ ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ ನಿಲ್ಲುತ್ತಾರೆ. ಕಳೆದ ಸಲ ನಾನೂ ಹಟಕ್ಕೆ ಬಿದ್ದು, ಅವರ ಮುಖ ಕೆಂಪಾಗುವವರೆಗೆ ಕಾದೆ. ಕೊನೆಗೆ ಬುಸ್ಸೆಂದು ಬಿಟ್ಟರು. ತೊಂಬತ್ತನಾಲ್ಕು ಸೆಂಟಿಮೀಟರ್.

"ನಿಮ್ಮ ಕಡೆಯ ಗಂಡಸರಿಗೆ ತೊಂಬತ್ತರೊಳಗೆ ಇರಬೇಕು ಅಂಕಲ್," ಎಂದೆ.

"ನಿಮ್ಮ ಕಡೆಯವರಿಗೆ ಎಷ್ಟು?"

"ಅಷ್ಟೇ."

ಅವರು ನನ್ನ ಕೈಯಿಂದ ಟೇಪು ತೆಗೆದುಕೊಂಡರು. ಹಿರಿಯರಿಗೆ ಎದುರಾಡಿ ಅಭ್ಯಾಸವಿಲ್ಲದವನು, ಅಂಗಿ ಎತ್ತಿದೆ. ತೊಂಬತ್ತೆಂಟು. ಅಂಕಲ್ ನಗಲಿಲ್ಲ. ನನ್ನ ಸೊಂಟದ ಮಾಂಸದಲ್ಲಿ ಹೂತುಹೋಗಿದ್ದ ಕಪ್ಪು ದಾರವನ್ನು, ಅದರ ಸುತ್ತ ಕೆಂಪಗೆ ಗಾಯವಾದ ಚರ್ಮವನ್ನು ನೋಡುತ್ತಿದ್ದರು. "ಇದೇನು? ಅಳತೆಗೆ ನೀನೂ ಒಂದು ಇಟ್ಟುಕೊಂಡಿದ್ದೀಯಾ?"

ಅದು ಉಡಿದಾರ. ನಮ್ಮ ಮನೆಯಲ್ಲಿ ಪ್ರತಿ ದೀಪಾವಳಿಗೆ ಎಣ್ಣೆ ಸ್ನಾನವಾದ ಮೇಲೆ ಅವ್ವ ಹೊಸದು ಕಟ್ಟುತ್ತಿದ್ದಳು. ಮೂರು ವರ್ಷದ ಹಿಂದೆ ರಜೆಗೆ ಹೋದಾಗ, ನಲವತ್ತರ ಮಗನನ್ನು ಕೂಸಿನ ಹಾಗೆ ಎದುರು ನಿಲ್ಲಿಸಿಕೊಂಡು, ದಾರದೊಳಗೆ ಬೆರಳು ತೂರಿಸಿ ನೋಡಿ ಗಂಟು ಹಾಕಿದಳು. "ಎರಡ ಬೆರಳ ಜಾಗಾ ಬಿಟ್ಟೇನಿ. ಅಷ್ಟರಾಗ ಇರು." ಮುಂದಿನ ದೀಪಾವಳಿಗೆ ಅವಳಿರಲಿಲ್ಲ. ಆ ಗಂಟು ಮಾತ್ರ ನನ್ನ ಸೊಂಟದಲ್ಲಿ ಉಳಿಯಿತು. ಅದನ್ನು ಕತ್ತರಿಸುವುದು ನನ್ನಿಂದಾಗಲಿಲ್ಲ. ಹೆಂಡತಿ ಗಿರಿಜಾ ಕತ್ತರಿ ಹಿಡಿದಾಗಲೆಲ್ಲ "ಹೊಟ್ಟೆ ಇಳಿಸ್ತೀನಿ, ತಾನ ಸಡಲಾಗ್ತದ" ಎಂದು ದಿನ ದೂಡಿದೆ. ಹೊಟ್ಟೆ ಇಳಿಸುವ ಆಸೆಯಲ್ಲಿ ಅನ್ನ ಬಿಟ್ಟು ಇಲ್ಲೇ ಹತ್ತಿರದ ಪುಕೆಕೊಹೆ ಎಂಬ ಊರಿನ ಆಲೂಗಡ್ಡೆ ಹಿಡಿದೆ. ಪಲ್ಯ ಮಾಡಿದರೆ ಅದು ಎಷ್ಟು ರುಚಿ ಎಂಬುದು ಆಗಲೇ ತಿಳಿದದ್ದು.

ಇದನ್ನೆಲ್ಲ ನನ್ನ ರೋಗಿಗೆ ನಾನೇ ಒಪ್ಪಿಸಿದೆ. ಅಂಕಲ್ ಟೇಪು ಸುತ್ತುತ್ತಾ ಹೇಳಿದರು: "ನಾನು ಇಲ್ಲಿ ಹತ್ತು ಕಿಲೋ ಏರಿಸಿಕೊಂಡು ಊರಿಗೆ ಹೋದಾಗ, ನಮ್ಮಮ್ಮ ನನ್ನ ಮುಖ ಅರ್ಧ ಆಗಿದೆ ಅಂತ ಅತ್ತಳು. ಈಗ ಹಾಗೆ ತಪ್ಪು ಅಳೆಯುವವರು ಯಾರೂ ಇಲ್ಲ. ನೀನಂತೂ ಸರಿಯಾಗಿ ಅಳೆಯುತ್ತೀಯ." ಸುತ್ತಿದ ಟೇಪನ್ನು ನನ್ನ ಕೈಗಿಟ್ಟು ಕೇಳಿದರು: "ನಿಮ್ಮಮ್ಮ ಎರಡು ಬೆರಳು ಜಾಗ ಬಿಟ್ಟಿದ್ದರಲ್ಲ, ಎಲ್ಲಿದೆ?"

ಅವ್ವನನ್ನು ಬಿಟ್ಟುಕೊಡಬಾರದೆಂದು ಮಾಡಿದ ಹಟದಲ್ಲಿ, ಅವಳು ಹೇಳಿದ ಒಂದೇ ಮಾತನ್ನು ನಾನು ತಿಂದು ಮುಗಿಸಿದ್ದೆ. ಅವ್ವ ಬೇಕು ಅನ್ನಿಸಿತು. ಅವಳು ಬಾಗಿಲಲ್ಲಿ ನಿಂತು "ಎಷ್ಟ ಸೊರಗೀಯೋ" ಎಂದು ಒಮ್ಮೆ ಅಪ್ಪಟ ಸುಳ್ಳು ಹೇಳಬೇಕು ಅನ್ನಿಸಿತು. ಅದರ ಹಿಂದೆಯೇ ಕಣ್ಣು ತುಂಬಿತು; ಅಂಕಲ್ ಸಂಭಾವಿತರು, ಗೋಡೆಯ ಮೇಲಿನ ತರಕಾರಿ ಚಿತ್ರವನ್ನು ಓದುವವರಂತೆ ನಿಂತರು.

ಆ ಸಂಜೆ ನಾನೇ ಗಿರಿಜಾಳಿಗೆ ಕತ್ತರಿ ತಂದುಕೊಟ್ಟೆ. ಅವಳು ಗಂಟನ್ನು ಮುಟ್ಟಲಿಲ್ಲ. ಅದರ ಎದುರು ಬದಿಗೆ ಕತ್ತರಿಸಿ, ನಡುವೆ ಹೊಸ ದಾರದ ತುಂಡು ಸೇರಿಸಿದಳು. ಅವ್ವನ ಗಂಟು ಇದ್ದಲ್ಲೇ ಇತ್ತು. "ಇನ್ನ ಉಸಿರ ಬಿಡ್ರಿ, ಅಳತಿ ನೋಡ್ತೀನಿ," ಎಂದಳು. ಹೆಂಡರ್ಸನ್ನಿನ ಅರ್ಧ ಊರಿಗೆ ಅದೇ ಮಾತು ಹೇಳಿದವನಿಗೆ ಆಗಲೇ ಗೊತ್ತಾಯಿತು, ಅವ್ವ ಹೋದಾಗಿನಿಂದ ನಾನು ಉಸಿರು ಬಿಗಿಹಿಡಿದೇ ನಿಂತಿದ್ದೆ. ಬಿಟ್ಟೆ. ಅದರ ಜೊತೆಗೆ ಅಳುವೂ ಬಂತು. ಗಿರಿಜಾ ದಾರದೊಳಗೆ ಬೆರಳು ತೂರಿಸಿದಳು.

"ಎರಡ ಬೆರಳ ಬಿಟ್ಟೇನಿ ನೋಡ್ರಿ," ಎಂದಳು. ಅತ್ತ ಗಂಡನ ಮೇಲೆ ಮರುಕಗೊಂಡು, ಆ ರಾತ್ರಿ ಊಟಕ್ಕೆ ಅವ್ವನ ಕೈಯಳತೆಯ ಹೋಳಿಗೆಯನ್ನೂ ಮಾಡಿದಳು. ಊಟ ಮುಗಿಸಿ ಏಳುವಾಗ ಸುಮ್ಮನೆ ಬೆರಳು ಹಾಕಿ ನೋಡಿದೆ. ಒಂದೇ ಹಿಡಿಯಿತು.